ತಗ್ಗು ದ್ವೀಪ, ನಿಂತುಬಿಟ್ಟ ಚಂಡಮಾರುತ: ಡೋರಿಯನ್ ನಾವಿಕರ ಮುಂದಿಟ್ಟ ಲೆಕ್ಕ

2019ರ ಆಗಸ್ಟ್ ತಿಂಗಳ ಕೊನೆಯಲ್ಲಿ ಬಹಾಮಾಸ್‌ನ ಅಬಾಕೊ ದ್ವೀಪಗಳಲ್ಲಿ ಹಾಯಿದೋಣಿ ಇಟ್ಟುಕೊಂಡಿದ್ದವರಿಗೆ ಮೂರೇ ದಾರಿ ಉಳಿದಿದ್ದವು. ಪಶ್ಚಿಮದ ಫ್ಲಾರಿಡಾಕ್ಕೆ ಓಡಬೇಕು, ಇಲ್ಲವೇ ದಕ್ಷಿಣಕ್ಕೆ ಇಳಿಯಬೇಕು, ಅದೂ ಆಗದಿದ್ದರೆ ದೋಣಿಯನ್ನು ಇದ್ದಲ್ಲೇ ಬಿಗಿದು ಕಟ್ಟಿ ತಾವು ದಡ ಹತ್ತಬೇಕು. ಡೋರಿಯನ್ ಎಂಬ ಚಂಡಮಾರುತ ಪೂರ್ವದಿಂದ ಬರುತ್ತಿತ್ತು. ಅದು ಫ್ಲಾರಿಡಾಕ್ಕೇ ಅಪ್ಪಳಿಸಬಹುದು ಎಂದು ಮುನ್ಸೂಚನೆ ಹೇಳುತ್ತಿತ್ತು. ಅಂದರೆ ಓಡಿಹೋಗಬೇಕಾದ ಊರಿಗೇ ಅದೂ ಹೊರಟಂತಿತ್ತು.

ದೂರದಿಂದ ನೋಡುವವರಿಗೆ ಇದು ಸುಲಭದ ತೀರ್ಮಾನದಂತೆ ಕಾಣುತ್ತದೆ. ವಾರದ ಮೊದಲೇ ಎಚ್ಚರಿಕೆ ಸಿಕ್ಕಿರುವಾಗ ಹೊರಟುಬಿಟ್ಟರಾಯಿತಲ್ಲ? ಆದರೆ ಹಾಯಿದೋಣಿ ಕಾರಲ್ಲ. ಹನ್ನೆರಡು ಮೀಟರ್ ಉದ್ದದ ದೋಣಿಯೊಂದು ಎಂಜಿನ್ ಹಾಕಿಕೊಂಡು ಹೋದರೂ ಗಂಟೆಗೆ ಹತ್ತು, ಹನ್ನೊಂದು ಕಿಲೋಮೀಟರ್ ಸಾಗಿದರೆ ಹೆಚ್ಚು. ಅಬಾಕೊದ ಮುಖ್ಯ ಪಟ್ಟಣ ಮಾರ್ಶ್ ಹಾರ್ಬರ್‌ನಿಂದ ಫ್ಲಾರಿಡಾ ಕರಾವಳಿಗೆ ನೇರ ಅಳತೆಯಲ್ಲೇ ಸುಮಾರು 300 ಕಿ.ಮೀ. ದಾರಿಯಲ್ಲಿ ಮೊದಲು ಹವಳದ ದಿಬ್ಬ, ಮರಳ ದಿಣ್ಣೆಗಳ ತೆಳುನೀರು. ಅಲ್ಲಿ ರಾತ್ರಿ ಸಂಚಾರವನ್ನು ಬಲ್ಲವರು ತಪ್ಪಿಸುತ್ತಾರೆ. ಆಮೇಲೆ ಗಲ್ಫ್ ಸ್ಟ್ರೀಮ್ ಎಂಬ ಬಲವಾದ ಬೆಚ್ಚನೆಯ ಸಮುದ್ರ ಪ್ರವಾಹ. ಅದು ಉತ್ತರಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಎದುರಾದರೆ ಅಲ್ಲಿ ಅಲೆಗಳು ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ. ಚಂಡಮಾರುತ ಹತ್ತಿರವಾಗುವಾಗ ಬೀಸುವುದೇ ಉತ್ತರದ ಗಾಳಿ. ಹಾಗಾಗಿ ತೀರ್ಮಾನ ತೆಗೆದುಕೊಳ್ಳಲು ವಾರವಿರಲಿಲ್ಲ, ಇದ್ದದ್ದು ಒಂದೆರಡು ದಿನ. ಆ ಒಂದೆರಡು ದಿನಗಳಲ್ಲೇ ಮುನ್ಸೂಚನೆಯೂ ಬದಲಾಗುತ್ತಿತ್ತು.

ಡೋರಿಯನ್ ಹುಟ್ಟಿದ್ದು ಆಗಸ್ಟ್ 24ರಂದು, ಅಟ್ಲಾಂಟಿಕ್‌ನಲ್ಲಿ, ಕೆರಿಬಿಯನ್ ದ್ವೀಪಸಾಲಿನ ಪೂರ್ವಕ್ಕೆ. ಅದು ಹಿಸ್ಪಾನಿಯೋಲಾ ಕಡೆಗೆ ಸಾಗಬಹುದು ಎಂಬುದು ಮೊದಲ ಅಂದಾಜು. ಆ ದ್ವೀಪದಲ್ಲಿ ಮೂರು ಸಾವಿರ ಮೀಟರ್ ಎತ್ತರದ ಬೆಟ್ಟಗಳಿವೆ. ಚಂಡಮಾರುತ ಬೆಟ್ಟಕ್ಕೆ ತಾಗಿದರೆ ಅದರ ಸುಳಿ ಹರಿದುಹೋಗುತ್ತದೆ, ಬಲ ಕುಗ್ಗುತ್ತದೆ. ಆದರೆ ಡೋರಿಯನ್ ಅಂದಾಜಿಗಿಂತ ಉತ್ತರಕ್ಕೆ ಸರಿದು, ಬೆಟ್ಟಗಳನ್ನು ತಪ್ಪಿಸಿಕೊಂಡು, ಆಗಸ್ಟ್ 28ರಂದು ವರ್ಜಿನ್ ದ್ವೀಪಗಳ ಬಳಿ ಪೂರ್ಣ ಚಂಡಮಾರುತವಾಯಿತು. ಅಲ್ಲಿಂದ ಮುಂದೆ ಅದರ ದಾರಿಯಲ್ಲಿ ಇದ್ದದ್ದು ಬಿಸಿ ಕಡಲು ಮತ್ತು ಬಹಾಮಾಸ್. ಸುಮಾರು 700 ದ್ವೀಪಗಳ ಈ ದೇಶದ ಅತಿ ಎತ್ತರದ ಜಾಗ ಕ್ಯಾಟ್ ಐಲ್ಯಾಂಡ್‌ನಲ್ಲಿದೆ. ಅದರ ಎತ್ತರ 63 ಮೀಟರ್! ಅಬಾಕೊದ ಸಣ್ಣ ದ್ವೀಪಗಳಲ್ಲಿ ಜನರ ಮನೆ, ದೋಣಿ ಕಟ್ಟುವ ಧಕ್ಕೆ, ಅಂಗಡಿಗಳೆಲ್ಲ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಮೇಲಿವೆ. ಗಾಳಿಯನ್ನು ಮುರಿಯುವ ಗುಡ್ಡವೂ ಇಲ್ಲ, ನೀರಿನಿಂದ ತಪ್ಪಿಸಿಕೊಂಡು ಹತ್ತುವ ಗುಡ್ಡವೂ ಇಲ್ಲ.

ಸೆಪ್ಟೆಂಬರ್ 1ರ ಮಧ್ಯಾಹ್ನ ಡೋರಿಯನ್ ಅಬಾಕೊದ ಎಲ್ಬೋ ಕೇ ದ್ವೀಪಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 295 ಕಿ.ಮೀ., ಕೇಂದ್ರದ ವಾಯುಒತ್ತಡ 910 ಹೆಕ್ಟೊಪ್ಯಾಸ್ಕಲ್. ಅಟ್ಲಾಂಟಿಕ್‌ನಲ್ಲಿ ನೆಲಕ್ಕೆ ತಾಗಿದ ಚಂಡಮಾರುತಗಳಲ್ಲಿ ಗಾಳಿಯ ಲೆಕ್ಕದಲ್ಲಿ ಅಲ್ಲಿಯವರೆಗೆ ಇದಕ್ಕೆ ಸಮನಾದದ್ದು 1935ರಲ್ಲಿ ಫ್ಲಾರಿಡಾ ಕೀಸ್‌ಗೆ ಹೊಡೆದದ್ದು ಮಾತ್ರ. ಐದನೇ ದರ್ಜೆ ಎಂದು ಜಗತ್ತಿನ ಸುದ್ದಿಗಳೆಲ್ಲ ಹೇಳಿದವು.

ಈ ದರ್ಜೆಯ ಬಗ್ಗೆಯೇ ಒಂದು ಮಾತು ಸ್ಪಷ್ಟವಾಗಬೇಕು. ಸಫೀರ್–ಸಿಂಪ್ಸನ್ ಮಾಪಕ ಎಂಬ ಒಂದರಿಂದ ಐದರವರೆಗಿನ ಅಳತೆ ಇರುವುದು ಗಾಳಿಗೆ ಮಾತ್ರ. ಹಿಂದೆ ಅದರಲ್ಲಿ ಕಡಲುಬ್ಬರದ, ಅಂದರೆ ಚಂಡಮಾರುತ ಉಬ್ಬಿಸುವ ಸಮುದ್ರದ ನೀರಿನ, ಎತ್ತರವನ್ನೂ ಒತ್ತಡವನ್ನೂ ಸೇರಿಸುತ್ತಿದ್ದರು. ಜನರನ್ನು ದಾರಿ ತಪ್ಪಿಸುತ್ತದೆಂದು 2010ರಿಂದ ಅವನ್ನು ಕೈಬಿಡಲಾಯಿತು. ನೀರು ಎಷ್ಟು ಏರುತ್ತದೆ, ಯಾವ ಕಡೆಯಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಮೂರನ್ನೂ ದರ್ಜೆ ಹೇಳುವುದಿಲ್ಲ. ತಗ್ಗು ದ್ವೀಪದಲ್ಲಿ ಜೀವವನ್ನೂ ದೋಣಿಯನ್ನೂ ತೆಗೆಯುವುದು ಈ ಮೂರೇ. ದರ್ಜೆಯೊಂದನ್ನೇ ನೋಡಿ ದೋಣಿ ಕಟ್ಟುವವರು ಅರ್ಧ ಸಿದ್ಧತೆಯನ್ನಷ್ಟೇ ಮಾಡಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನೀರು ಏರುವುದು ಹೇಗೆ? ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಸಾಮಾನ್ಯ ದಿನದ 1013ರಿಂದ 910ಕ್ಕೆ ಇಳಿದರೆ ಸಿಗುವುದು ಬರೀ ಒಂದು ಮೀಟರ್. ಆದರೆ ಡೋರಿಯನ್ ತಂದ ಉಬ್ಬರ ಆರು, ಏಳು ಮೀಟರ್ ಎಂದು ಅಂದಾಜು. ಉಳಿದದ್ದೆಲ್ಲ ಗಾಳಿಯ ಕೆಲಸ, ಮತ್ತು ಆ ಕೆಲಸಕ್ಕೆ ನೆರವಾದದ್ದು ಕಡಲಿನ ಕಡಿಮೆ ಆಳ. ಕೊಡದಲ್ಲಿರುವ ನೀರಿನ ಮೇಲೆ ಎಷ್ಟೇ ಊದಿದರೂ ಅದು ಕಂಠ ದಾಟುವುದಿಲ್ಲ, ಹರಿವಾಣದಲ್ಲಿರುವ ನೀರನ್ನು ಊದಿದರೆ ಒಂದೇ ಅಂಚಿಗೆ ಸರಿದು ಹೊರಚೆಲ್ಲುತ್ತದೆ. ಆಳದ ಸಮುದ್ರದಲ್ಲಿ ಗಾಳಿ ಮುಂದಕ್ಕೆ ತಳ್ಳಿದ ನೀರು ಕೆಳಗಿನಿಂದ ವಾಪಸ್ ಹರಿದುಹೋಗುತ್ತದೆ. ಆಳ ಕೆಲವೇ ಮೀಟರ್ ಇದ್ದಲ್ಲಿ ವಾಪಸ್ ಹೋಗಲು ಜಾಗವೇ ಇಲ್ಲ, ನೀರು ರಾಶಿ ಬೀಳುತ್ತದೆ.

ಅಬಾಕೊ ಮತ್ತು ಗ್ರ್ಯಾಂಡ್ ಬಹಾಮಾ ಕೂತಿರುವುದು ಇಂಥ ಹರಿವಾಣದ ಅಂಚಿನಲ್ಲೇ. ಲಿಟಲ್ ಬಹಾಮಾ ಬ್ಯಾಂಕ್ ಎಂದು ಅದರ ಹೆಸರು. ಸುಣ್ಣಕಲ್ಲಿನ ವಿಶಾಲ ತಟ್ಟು, ಮೇಲೆ ತೆಳುವಾದ ತಿಳಿನೀಲಿ ನೀರು. ಹಾಯಿದೋಣಿಯವರು ಜಗತ್ತಿನ ಮೂಲೆಮೂಲೆಗಳಿಂದ ಬರುತ್ತಿದ್ದದ್ದು ಈ ನೀರಿಗಾಗಿಯೇ. ಲಂಗರು ಹಾಕಿದರೆ ತಳದ ಮರಳು ಕಾಣುತ್ತದೆ, ಹೊರಗೆ ಸಾಗರ ಅಬ್ಬರಿಸುತ್ತಿದ್ದರೂ ಒಳಗೆ ಶಾಂತ. ಚಂಡಮಾರುತದ ದಿನ ಅದೇ ತೆಳುನೀರು ಶತ್ರುವಾಯಿತು. ಗ್ರ್ಯಾಂಡ್ ಬಹಾಮಾದ ಫ್ರೀಪೋರ್ಟ್ ನಗರ ದಕ್ಷಿಣಕ್ಕೆ, ಆಳದ ಸಾಗರಕ್ಕೆ ಮುಖ ಮಾಡಿಕೊಂಡಿದೆ. ನೀರು ಬಂದದ್ದು ಬೆನ್ನ ಕಡೆಯಿಂದ. ಕೇಂದ್ರವು ನಗರದ ಪೂರ್ವಕ್ಕಿದ್ದಾಗ ಗಾಳಿ ಉತ್ತರದಿಂದ ಬೀಸಿ, ಬ್ಯಾಂಕಿನ ನೀರನ್ನೆಲ್ಲ ದ್ವೀಪದ ಮೇಲೆ ಹತ್ತಿಸಿತು. ವಿಮಾನ ನಿಲ್ದಾಣ ಮುಳುಗಿತು, ಊರಿನ ಮುಖ್ಯ ಆಸ್ಪತ್ರೆಗೂ ನೀರು ನುಗ್ಗಿತು.

ಇನ್ನು ಮೂರನೆಯ ಮಾತು, ಹೊತ್ತು. ಚಂಡಮಾರುತಕ್ಕೆ ತನ್ನದೇ ಚಲನೆ ಕಡಿಮೆ. ಮೇಲಿನ ವಾತಾವರಣದ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಡೋರಿಯನ್‌ನನ್ನು ಪಶ್ಚಿಮಕ್ಕೆ ತಳ್ಳುತ್ತಿದ್ದದ್ದು ಅಟ್ಲಾಂಟಿಕ್ ಮೇಲಿನ ಅಧಿಕ ಒತ್ತಡದ ವಲಯ. ಸರಿಯಾಗಿ ಬಹಾಮಾಸ್ ಮೇಲೆ ಬಂದಾಗ ಆ ತಳ್ಳು ದುರ್ಬಲವಾಯಿತು, ಉತ್ತರಕ್ಕೆ ಎಳೆದುಕೊಳ್ಳಬೇಕಿದ್ದ ಅಮೆರಿಕದ ಕಡೆಯ ಗಾಳಿ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಹಾಗಾಗಿ ಅದು ನಿಂತುಬಿಟ್ಟಿತು. ಗ್ರ್ಯಾಂಡ್ ಬಹಾಮಾದ ಆಸುಪಾಸಿನಲ್ಲಿ ಅದು ಒಂದು ದಿನಕ್ಕೂ ಹೆಚ್ಚು ಹೊತ್ತು ಮನುಷ್ಯ ನಡೆಯುವ ವೇಗಕ್ಕಿಂತ ನಿಧಾನವಾಗಿ ತೆವಳಿತು. ಸಾಮಾನ್ಯವಾಗಿ ಆರೆಂಟು ಗಂಟೆಯಲ್ಲಿ ದಾಟಿಹೋಗುವ ಹೊಡೆತವನ್ನು ಎದುರಿಸಲು ಕಟ್ಟಿದ ಹಗ್ಗ, ಛಾವಣಿ, ಗೋಡೆಗಳಿಗೆ ಇಷ್ಟು ಹೊತ್ತು ತಾಳುವ ಶಕ್ತಿ ಇರುವುದಿಲ್ಲ.

ನಾವಿಕರ ಹಳೆಯ ಪಾಠವೊಂದು ಇಲ್ಲಿ ಕೈಕೊಟ್ಟಿತು. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿದರೆ ಬಲಗಡೆಯದು ಅಪಾಯದ ಅರ್ಧ, ಎಡಗಡೆಯದು ಸ್ವಲ್ಪ ಸೌಮ್ಯ. ಬಲಕ್ಕೆ ಸುಳಿಯ ವೇಗಕ್ಕೆ ಮುನ್ನಡೆಯ ವೇಗವೂ ಕೂಡಿಕೊಳ್ಳುತ್ತದೆ, ಮೇಲಾಗಿ ಅಲ್ಲಿನ ಗಾಳಿ ದೋಣಿಯನ್ನು ಚಂಡಮಾರುತದ ದಾರಿಗೇ ತಳ್ಳುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೇಂದ್ರ ಎಡಕ್ಕಿರುತ್ತದೆ ಎಂಬ ಸರಳ ನಿಯಮದಿಂದ ತಾನು ಎಲ್ಲಿದ್ದೇನೆಂದು ಉಪಕರಣವಿಲ್ಲದೆಯೂ ತಿಳಿಯಬಹುದು. ಆದರೆ ಸಾಗದೆ ನಿಂತ ಚಂಡಮಾರುತಕ್ಕೆ ಬಲವೂ ಇಲ್ಲ ಎಡವೂ ಇಲ್ಲ. ದೂರವೊಂದೇ ರಕ್ಷಣೆ. ಮಾರ್ಶ್ ಹಾರ್ಬರ್‌ನಿಂದ ದಕ್ಷಿಣಕ್ಕೆ ನೂರೈವತ್ತು ಕಿಲೋಮೀಟರ್‌ಗೂ ಆಚೆ ಇರುವ ರಾಜಧಾನಿ ನಸ್ಸೌ ಅಂಥ ವಿನಾಶವಿಲ್ಲದೆ ಉಳಿಯಿತು. ದಕ್ಷಿಣದ ದಾರಿ ಹಿಡಿದ ದೋಣಿಗಳ ಲೆಕ್ಕ ಸರಿಯಾಗಿತ್ತು.

ಉಳಿದ ದೋಣಿಗಳ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಲಂಗರು. ಲಂಗರು ನೆಲ ಕಚ್ಚುವುದು ಅದರ ತೂಕದಿಂದಲ್ಲ, ಸರಪಳಿ ಅದನ್ನು ಅಡ್ಡಡ್ಡಲಾಗಿ ಎಳೆಯುವುದರಿಂದ. ಅದಕ್ಕೆ ಆಳದ ಏಳು, ಎಂಟು ಪಟ್ಟು ಉದ್ದ ಬಿಡಬೇಕು ಎನ್ನುತ್ತಾರೆ. ನೀರಿನ ಆಳ ಮೂರು ಮೀಟರ್, ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲೆ, ಒಟ್ಟು ನಾಲ್ಕು. 28 ಮೀಟರ್ ಸರಪಳಿ ಬಿಟ್ಟರೆ ಏಳು ಪಟ್ಟಾಯಿತು, ನಿಶ್ಚಿಂತೆ. ಈಗ ಆರು ಮೀಟರ್ ಉಬ್ಬರ ಬರಲಿ. ನಾಲ್ಕು ಇದ್ದದ್ದು ಹತ್ತಾಯಿತು, ಅದೇ 28 ಮೀಟರ್ ಸರಪಳಿ ಈಗ ಮೂರು ಪಟ್ಟಿಗೂ ಕಡಿಮೆ. ಎಳೆತ ಮೇಲ್ಮುಖವಾಗುತ್ತದೆ, ಲಂಗರು ಕಿತ್ತು ಬರುತ್ತದೆ. ಗಾಳಿಯ ಒತ್ತಡವೋ, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಹಿಡಿತ ಅತಿ ಕಡಿಮೆಯಾಗುವ ಹೊತ್ತಿಗೆ ಎಳೆತ ಅತಿ ಹೆಚ್ಚಾಗಿರುತ್ತದೆ.

ಧಕ್ಕೆಗೆ ಕಟ್ಟಿದ ದೋಣಿಗೂ ಇದೇ ಗತಿ. ತೇಲುವ ಧಕ್ಕೆಗಳು ನೆಟ್ಟ ಕಂಬಗಳಿಗೆ ಬಳೆಯಂತೆ ಸಿಕ್ಕಿಕೊಂಡು ನೀರಿನೊಂದಿಗೆ ಏರಿಳಿಯುತ್ತವೆ. ಕಂಬದ ತುದಿಗಿಂತ ನೀರು ಮೇಲೇರಿದರೆ ಇಡೀ ಧಕ್ಕೆ ಕಳಚಿಕೊಂಡು, ಕಟ್ಟಿದ ದೋಣಿಗಳನ್ನೆಲ್ಲ ಹೊತ್ತು ಹೊರಡುತ್ತದೆ. ಕಂಬ ಎಷ್ಟು ಎತ್ತರ ಎಂಬುದನ್ನು ಬಿಸಿಲಿನ ದಿನ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನೆಲದ ಮೇಲೆ ಎತ್ತಿ ಆನಿಕೆ ಕೊಟ್ಟು ನಿಲ್ಲಿಸಿದ ದೋಣಿಗಳೂ ಅಷ್ಟೇ. ನೀರು ಬುಡಕ್ಕೆ ಬಂದೊಡನೆ ತೇಲಿ, ಒಂದಕ್ಕೊಂದು ಉರುಳಿ ಬೀಳುತ್ತವೆ. ಮಾರ್ಶ್ ಹಾರ್ಬರ್‌ನಲ್ಲಿ ಬಾಡಿಗೆಗೆ ಓಡುವ, ಜೋಡಿ ಒಡಲಿನ ದೊಡ್ಡ ಕಟಮರನ್‌ಗಳು ದಡದ ಮೇಲೆ ಒಂದರ ಮೇಲೊಂದು ರಾಶಿ ಬಿದ್ದಿದ್ದವು.

ಹಗ್ಗದ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ನೈಲಾನ್ ಹಗ್ಗ ಹಿಗ್ಗುತ್ತದೆ, ಜಗ್ಗಾಟವನ್ನು ನುಂಗಿಕೊಳ್ಳುತ್ತದೆ, ಅದಕ್ಕೇ ಎಲ್ಲರೂ ಅದನ್ನು ಬಳಸುತ್ತಾರೆ. ಆದರೆ ಗಂಟೆಗಟ್ಟಲೆ ಹಿಗ್ಗಿ ಕುಗ್ಗುವಾಗ ಒಳಗಿನ ಎಳೆಗಳು ಉಜ್ಜಿಕೊಂಡು ಬಿಸಿಯಾಗುತ್ತವೆ. ಅಂಚಿಗೆ ಸವೆಯದಿರಲೆಂದು ಪ್ಲಾಸ್ಟಿಕ್ ಪೈಪು ತೊಡಿಸಿದರೆ ಮಳೆನೀರು ಹಗ್ಗಕ್ಕೆ ತಾಗದೆ ತಂಪಾಗುವುದೂ ತಪ್ಪಿ, ಹಗ್ಗ ಒಳಗಿನಿಂದಲೇ ಕರಗಿ ತುಂಡಾಗುತ್ತದೆ. ಅದಕ್ಕೇ ಬಲ್ಲವರು ಉಜ್ಜುವ ಜಾಗದಲ್ಲಿ ಹೆಚ್ಚು ಹಿಗ್ಗದ ಪಾಲಿಯೆಸ್ಟರ್ ಹಗ್ಗ, ಉಳಿದ ಉದ್ದಕ್ಕೆ ನೈಲಾನ್ ಕಟ್ಟುತ್ತಾರೆ. ನೀರು ಸೋಕುವ ಬಟ್ಟೆಯ ಹೊದಿಕೆ ಹಾಕುತ್ತಾರೆ. ಹಾಯಿಗಳನ್ನು ಸುತ್ತಿ ಬಿಡುವುದಿಲ್ಲ, ಪೂರ್ತಿ ಬಿಚ್ಚಿ ಕೆಳಗಿಳಿಸುತ್ತಾರೆ. ಸುತ್ತಿಟ್ಟ ಹಾಯಿಯ ಒಂದು ತುದಿ ಬಿಡಿಸಿಕೊಂಡರೆ ಸಾಕು, ಗಾಳಿ ಅದನ್ನು ಹಿಡಿದೇ ದೋಣಿಯನ್ನು ಎಳೆದೊಯ್ಯುತ್ತದೆ. ಸೋಲಾರ್ ಹಲಗೆ, ಬಿಸಿಲ ಮಾಡು, ಗಾಳಿಗೆ ಸಿಗುವ ಎಲ್ಲವೂ ಇಳಿಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಪಕ್ಕದ ದೋಣಿಯವನು ಏನು ಮಾಡಿದ್ದಾನೆ ಎಂಬುದರ ಮೇಲೆ ನಿಮ್ಮ ದೋಣಿಯ ಅದೃಷ್ಟ ನಿಂತಿದೆ. ಕಳಚಿಕೊಂಡ ಒಂದು ದೋಣಿ ಹತ್ತನ್ನು ಕೀಳುತ್ತದೆ. ಚಂಡಮಾರುತದ ಕಣ್ಣು ಹಾದುಹೋದರೆ ಗಾಳಿಯ ದಿಕ್ಕೇ ತಿರುವುಮುರುವಾಗುತ್ತದೆ. ಉತ್ತರದಿಂದ ಬೀಸುತ್ತಿದ್ದದ್ದು ಸ್ವಲ್ಪ ಹೊತ್ತಿನ ಮೌನದ ನಂತರ ದಕ್ಷಿಣದಿಂದ ಅಷ್ಟೇ ಜೋರಾಗಿ ಬರುತ್ತದೆ. ಒಂದೇ ಕಡೆಯ ಹೊಡೆತ ಲೆಕ್ಕ ಹಾಕಿ ಕಟ್ಟಿದವರಿಗೆ ಆಗ ಉಳಿಗಾಲವಿಲ್ಲ. ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಗೆ ದೋಣಿ ನುಗ್ಗಿಸಿ, ಬೇರುಗಳಿಗೆ ಜೇಡರಬಲೆಯಂತೆ ಎಲ್ಲ ದಿಕ್ಕಿಗೂ ಹಗ್ಗ ಕಟ್ಟುವ ಹಳೆಯ ಪದ್ಧತಿ ಈ ಕಾರಣಕ್ಕೇ ಹುಟ್ಟಿದ್ದು. ಸಾಧಾರಣ ಉಬ್ಬರಕ್ಕೆ ಅದು ನಿಜಕ್ಕೂ ಒಳ್ಳೆಯ ಆಶ್ರಯ. ಆದರೆ ನೀರು ಗಿಡಗಳ ತಲೆಯ ಮೇಲೇ ಹೋದಾಗ ಅದಕ್ಕೂ ಮಿತಿಯಿದೆ.

ದೊಡ್ಡ ಹಡಗುಗಳಿಗೆ ಈ ಚಿಂತೆ ಇಲ್ಲ ಎಂದುಕೊಳ್ಳಬೇಡಿ. 2015ರ ಅಕ್ಟೋಬರ್ 1ರಂದು ಎಲ್ ಫಾರೋ ಎಂಬ ಅಮೆರಿಕದ ಸರಕು ಹಡಗು ಇದೇ ಬಹಾಮಾಸ್‌ನ ಕ್ರುಕೆಡ್ ಐಲ್ಯಾಂಡ್ ಬಳಿ ಹ್ವಾಕಿನ್ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಹಡಗಿನಲ್ಲಿದ್ದ 33 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಕ್ಯಾಪ್ಟನ್ ನೆಚ್ಚಿಕೊಂಡಿದ್ದ ಹವಾಮಾನ ನಕ್ಷೆಗಳು ಗಂಟೆಗಳಷ್ಟು ಹಳೆಯವಾಗಿದ್ದವು ಎಂದು ತನಿಖೆ ಹೇಳಿತು. ಪರದೆಯ ಮೇಲೆ ಚೆಂದವಾಗಿ ಕಾಣುವ ನಕ್ಷೆ ಯಾವ ಹೊತ್ತಿನದು ಎಂದು ಕೇಳುವುದು ಇಂದಿಗೂ ಪ್ರತಿ ನಾವಿಕನ ಮೊದಲ ಕೆಲಸವಾಗಬೇಕು. ಮುನ್ಸೂಚನೆಯ ನಕ್ಷೆಯಲ್ಲಿ ಕಾಣುವ ಅಗಲವಾಗುತ್ತಾ ಹೋಗುವ ಶಂಕುವಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಚಂಡಮಾರುತದ ಗಾತ್ರವಲ್ಲ, ಅದರ ಕೇಂದ್ರ ಎಲ್ಲಿರಬಹುದು ಎಂಬ ಅಂದಾಜು. ಮೂರರಲ್ಲಿ ಒಂದು ಸಲ ಕೇಂದ್ರ ಆ ಗೆರೆಯ ಆಚೆಗೂ ಹೋಗುತ್ತದೆ.

ಗಾಳಿ ನಿಂತ ಮೇಲೆ ಇನ್ನೊಂದು ಬಗೆಯ ಆತಂಕ ಶುರುವಾಗುತ್ತದೆ. ಮರಳು ಸರಿದು ಕಾಲುವೆಗಳ ದಾರಿಯೇ ಬದಲಾಗಿರುತ್ತದೆ, ಗುರುತಿನ ಕಂಬಗಳಿರುವುದಿಲ್ಲ. ಮುಳುಗಿದ ದೋಣಿ, ಕಂಟೇನರ್, ಛಾವಣಿಯ ತಗಡು ನೀರೊಳಗೆ ಕಾಣದಂತೆ ಬಿದ್ದಿರುತ್ತವೆ. ಹಳೆಯ ನಕ್ಷೆ ನಂಬಿ ನೆರವು ಹೊತ್ತು ಹೊರಟ ದೋಣಿಯೇ ನೆರವು ಬೇಡುವ ಸ್ಥಿತಿಗೆ ಬರಬಹುದು. ಎಲ್ಬೋ ಕೇಯ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ 1864ರಿಂದ ದಾರಿ ತೋರಿಸುತ್ತಾ ಬಂದದ್ದು. ಡೋರಿಯನ್‌ನ ಹೊಡೆತ ತಿಂದೂ ಅದು ನಿಂತಿತ್ತು. ಸುತ್ತಲಿನ ಹೋಪ್ ಟೌನ್ ಹಳ್ಳಿ ಮಾತ್ರ ಚಿಂದಿಯಾಗಿತ್ತು.

ಕುಡಿಯುವ ನೀರಿನ ಪಾಡು ಇನ್ನೂ ಕಠಿಣ. ಸುಣ್ಣಕಲ್ಲಿನ ದ್ವೀಪದಲ್ಲಿ ನದಿಗಳಿಲ್ಲ. ಇಂಗಿದ ಮಳೆನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತದೆ. ಬಾವಿಗಳಿಗೆ ಬರುವುದು ಅದೇ. ಸಮುದ್ರ ದ್ವೀಪದ ಮೇಲೆ ಹತ್ತಿ ನಿಂತರೆ ಉಪ್ಪು ಮೇಲಿನಿಂದ ಇಳಿದು ಆ ಪದರ ಕೆಡುತ್ತದೆ. ಗ್ರ್ಯಾಂಡ್ ಬಹಾಮಾದಲ್ಲಿ ನಲ್ಲಿನೀರು ತಿಂಗಳುಗಟ್ಟಲೆ ಉಪ್ಪಾಗಿತ್ತು, ಪೈನ್ ಕಾಡುಗಳು ಒಣಗಿ ನಿಂತವು. ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರವಿರುವ ದೋಣಿಗಳು ಇಂಥ ಹೊತ್ತಿನಲ್ಲಿ ಬೆಲೆಬಾಳುತ್ತವೆ. ಆ ಯಂತ್ರವಿಲ್ಲದೆ, ಊಟವಿಲ್ಲದೆ, ಬರೀ ನೋಡಲು ಹೋಗುವ ದೋಣಿ ದ್ವೀಪದವರ ಪಾಲಿನ ನೀರನ್ನೇ ಕುಡಿಯುತ್ತದೆ.

ದೋಣಿಯ ಮಾತು ಇಷ್ಟು ಆಡಿದ ಮೇಲೆ ಮನುಷ್ಯರ ಮಾತು ಹಿಂದೆ ಸರಿಯಬಾರದು. ಬಹಾಮಾಸ್‌ನಲ್ಲಿ ಡೋರಿಯನ್‌ಗೆ ಬಲಿಯಾದವರು ಅಧಿಕೃತ ಲೆಕ್ಕದಲ್ಲಿ 74 ಮಂದಿ, ನಾಪತ್ತೆಯಾದವರು 200ಕ್ಕೂ ಹೆಚ್ಚು. ಮಾರ್ಶ್ ಹಾರ್ಬರ್‌ನ ತಗ್ಗಿನಲ್ಲಿ ಮಡ್ ಮತ್ತು ಪೀಸ್ ಎಂಬ ಎರಡು ವಸತಿಗಳಿದ್ದವು. ಹೈಟಿಯಿಂದ ದುಡಿಯಲು ಬಂದವರು ಅಲ್ಲಿ ಪ್ಲೈವುಡ್ ಮನೆಗಳಲ್ಲಿದ್ದರು. ಎರಡೂ ನೆಲಸಮವಾದವು. ಎಷ್ಟೋ ಜನರ ಬಳಿ ದಾಖಲೆಯೇ ಇರಲಿಲ್ಲ, ಹೋದವರ ಲೆಕ್ಕ ಪೂರ್ತಿಯಾಗದಿರಲು ಅದೂ ಒಂದು ಕಾರಣ. ಹಾಯಿದೋಣಿಯವರಿಗೆ ಓಡಲು ಮೂರು ದಾರಿಗಳಾದರೂ ಇದ್ದವು, ಇವರಿಗೆ ಒಂದೂ ಇರಲಿಲ್ಲ.

ನಮ್ಮ ಕಡೆಯ ನಾವಿಕರಿಗೆ ಈ ಲೆಕ್ಕ ದೂರದ್ದಲ್ಲ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟ್ ಹೊತ್ತ ಮಂಜಿ ಎಂಬ ಸರಕು ದೋಣಿಗಳು ಹೋಗುವ ಲಕ್ಷದ್ವೀಪವೂ ಸಮುದ್ರದಿಂದ ಕೆಲವೇ ಮೀಟರ್ ಎತ್ತರದ್ದು. ಮಳೆಗಾಲದಲ್ಲಿ ಮಂಜಿಗಳ ಓಡಾಟ ನಿಲ್ಲುತ್ತದೆ, ಅಟ್ಲಾಂಟಿಕ್‌ನವರು ಜೂನ್‌ನಿಂದ ನವೆಂಬರ್‌ವರೆಗೆ ಎಚ್ಚರವಾಗಿರುವಂತೆ. ಆದರೆ ಎರಡು ಕಡೆಯ ಅಪಾಯ ಒಂದೇ ಬಗೆಯದಲ್ಲ. ಲಕ್ಷದ್ವೀಪದ ಹವಳ ದ್ವೀಪಗಳ ಸುತ್ತ ಕಡಲು ಥಟ್ಟನೆ ಆಳಕ್ಕಿಳಿಯುತ್ತದೆ, ಬಹಾಮಾಸ್‌ನಂಥ ವಿಶಾಲ ತೆಳುನೀರಿಲ್ಲ. ಆದ್ದರಿಂದ ಅಲ್ಲಿ ಗಾಳಿ ಗುಡ್ಡೆ ಹಾಕುವ ಉಬ್ಬರ ಕಡಿಮೆ, ಹವಳದ ಅಂಚು ದಾಟಿ ನುಗ್ಗುವ ಅಲೆಗಳ ಹೊಡೆತ ಹೆಚ್ಚು. 2017ರ ಒಖಿ ಚಂಡಮಾರುತ ಒಂದೇ ದಿನದಲ್ಲಿ ಬಲಿತು, ಆಗಲೇ ಕಡಲಿಗಿಳಿದಿದ್ದ ಕೇರಳ, ತಮಿಳುನಾಡಿನ ಮೀನುಗಾರರನ್ನು ಸಿಕ್ಕಿಸಿ, ಲಕ್ಷದ್ವೀಪದ ಮೇಲೆ ಹಾದುಹೋಯಿತು. ಡೋರಿಯನ್ ಕೊಟ್ಟಷ್ಟು ದಿನಗಳ ಮುನ್ಸೂಚನೆ ಅವರಿಗೆ ಸಿಗಲಿಲ್ಲ.

ತಗ್ಗು ದ್ವೀಪದ ಬಂದರಿನಲ್ಲಿ ದೋಣಿ ಬಿಟ್ಟುಹೋಗುವವರು ದರ ವಿಚಾರಿಸುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಧಕ್ಕೆಯ ಕಂಬಗಳು ಉಬ್ಬರದ ಮಟ್ಟದಿಂದ ಎಷ್ಟು ಮೇಲಿವೆ? ಯಾವ ಕಡೆ ತೆಳುನೀರು ಹೆಚ್ಚು ದೂರ ಹರಡಿದೆ, ಆ ಕಡೆಯಿಂದ ಗಾಳಿ ಬೀಸಿದರೆ ನೀರು ಎಲ್ಲಿಗೆ ಹೋಗುತ್ತದೆ? ಹಗ್ಗ ಬಿಗಿಯಲು ಬರುವ ಕೆಲಸಗಾರರು ಆ ಕೆಲಸ ಮುಗಿಸಿದ ಮೇಲೆ ಯಾವ ಕಟ್ಟಡಕ್ಕೆ ಹೋಗುತ್ತಾರೆ, ಅದು ಎಷ್ಟು ಎತ್ತರದಲ್ಲಿದೆ?